ಕಸಿ ಕಟ್ಟಿದ ಜೀಪು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಊರುಗಳ ಸುತ್ತಲಿನ ಸೀಮೆಯು ಬಂಡೆಗಳ ಸೀಮೆ. ಒಂದೆಡೆ ಸಾವನದುರ್ಗ ತಲೆಯೆತ್ತಿ ನಿಂತಿದ್ದರೆ ಇನ್ನೊಂದೆಡೆ ರಾಮದೇವರ ಬೆಟ್ಟ. ಕನಕಪುರದಿಂದ ತೆಂಕಲಿಗೆ ಸರಿದಂತೆ ನೆಲವು ಕಾಡುಕಣಿವೆಗಳಾಗಿ ಇಳಿಯುತ್ತ ಕಾವೇರಿಯನ್ನು ಮುಟ್ಟುತ್ತದೆ. ಹೆದ್ದಾರಿಯಲ್ಲಿ ಸಾಗುವವನಿಗೆ ಈ ಬಂಡೆಗಳು ಕಣ್ಣಿಗೆ ಹಬ್ಬ. ಹಿಪ್ಪುನೇರಳೆಯ ತೋಟಕ್ಕೋ ಮಾವಿನ ತೋಪಿಗೋ ಹೋಗಬೇಕಾದ ರೈತನಿಗಾದರೋ ಅವು ದಿನದಿನದ ಪರೀಕ್ಷೆ. ಮಳೆಗಾಲದಲ್ಲಿ ಕೊರೆದುಹೋದ ಅಂಥ ದಾರಿಗೆ ಹೇಳಿ ಮಾಡಿಸಿದ ವಾಹನವೆಂದರೆ ನಾಲ್ಕು ಗಾಲಿಗಳಿಗೂ ಬಲವೂಡುವ ಜೀಪು.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಲ್ಲಿ ಅಮೆರಿಕದ ವಿಲ್ಲಿಸ್ ಸಂಸ್ಥೆಯು ತನ್ನ ದೇಶದ ಸೈನ್ಯಕ್ಕೆ ಅದನ್ನು ತಯಾರಿಸಿಕೊಡತೊಡಗಿತು. ಸ್ವಾತಂತ್ರ್ಯಾನಂತರ ಮಹೀಂದ್ರ ಸಂಸ್ಥೆಯು ಅದನ್ನು ಭಾರತದಲ್ಲಿ ಜೋಡಿಸಿ ಮಾರಿತು. ಆ ಕಾಲದ ಜೀಪುಗಳಿಗೆ ಇದ್ದುದು ಪೆಟ್ರೋಲ್ ಎಂಜಿನ್. 1973ರಲ್ಲಿ ಅರಬ್ ದೇಶಗಳಿಗೂ ಇಸ್ರೇಲಿಗೂ ಯುದ್ಧವಾಗಿ, ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಗಟ್ಟಿಮುಟ್ಟಾದ ಗಾಡಿಯನ್ನು ಎಸೆಯಲು ಮನಸ್ಸಿಲ್ಲ. ಅದರ ಹೊಟ್ಟೆ ತುಂಬಿಸಲು ಹಣವಿಲ್ಲ. ಈ ಇಕ್ಕಟ್ಟಿನಿಂದ ದೇಶದ ಹಲವೆಡೆ ಒಂದು ರೂಢಿ ಬೆಳೆಯಿತು: ಜೀಪಿನ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸುವುದು, ಹಿಂದಿನ ಆಸನಗಳನ್ನು ಕಿತ್ತು ಸರಕಿನ ತೊಟ್ಟಿ ಕೂಡಿಸಿ ಅದನ್ನು ಪಿಕಪ್ ಮಾಡಿಕೊಳ್ಳುವುದು.

ಮಾವಿನ ನಾಡಿನವರಿಗೆ ಇದು ಹೊಸ ಮಾತಲ್ಲ. ನಾಟಿ ಮಾವಿನ ಬುಡಕ್ಕೆ ಬಾದಾಮಿಯ ಕುಡಿಯನ್ನು ಕಸಿ ಕಟ್ಟುವಂತೆಯೇ ಇದು. ಆದರೆ ಕಸಿ ಕಟ್ಟಿದ ಮಾತ್ರಕ್ಕೆ ಕುಡಿ ಹತ್ತುವುದಿಲ್ಲ.

"ಎಂಜಿನ್ ಕೂತಾಯ್ತಲ್ಲ ಮೇಸ್ತ್ರಿ, ಇನ್ನೇನು ಬಾಕಿ?" ಎಂದು ಗಾಡಿಯ ಒಡೆಯ ಕೇಳುತ್ತಾನೆ.

"ಎಂಜಿನ್ ಕೂರಿಸೋದು ಎರಡು ದಿನದ ಕೆಲಸ ಗೌಡ್ರೆ, ಅದನ್ನ ಗಾಡಿ ಒಪ್ಪಿಕೊಳ್ಳೋಕೆ ತಿಂಗಳು ಬೇಕು" ಎನ್ನುತ್ತಾನೆ ಮೇಸ್ತ್ರಿ.

ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ತಗುಲಿಸುವುದು ವಿದ್ಯುತ್ ಕಿಡಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅದರ ಗಾತ್ರದ ಸುಮಾರು ಇಪ್ಪತ್ತರಲ್ಲೊಂದು ಭಾಗಕ್ಕೆ ಅದುಮಿದಾಗ ಹುಟ್ಟುವ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. 1897ರಲ್ಲಿ ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ಯಶಸ್ವಿಯಾಗಿ ನಡೆಸಿ ತೋರಿಸಿದ ತತ್ತ್ವವಿದು. ಅಷ್ಟು ಒತ್ತಡವನ್ನು ತಾಳಬೇಕಾದುದರಿಂದ ಈ ಎಂಜಿನ್ ಭಾರವಾಗಿರುತ್ತದೆ, ಹೆಚ್ಚು ನಡುಗುತ್ತದೆ. ಭಾರಕ್ಕೆ ಮುಂದಿನ ಪಟ್ಟಿಗಳು ಕುಸಿಯುತ್ತವೆ, ಅವನ್ನು ಬಲಪಡಿಸಬೇಕು. ಗಾಡಿಯ ತೂಕ ಏರಿದ ಮೇಲೆ ಹಳೆಯ ಬ್ರೇಕು ಸಾಲದು. ಎಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ಬೆಸೆಯುವ ಉಕ್ಕಿನ ಫಲಕವನ್ನು ಲೇತಿನಲ್ಲಿ ಹೊಸದಾಗಿ ಕಡೆಸಬೇಕು. ಅದರ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚೂ ಬೇರಿಂಗೂ ಕೆಲವೇ ದಿನಗಳಲ್ಲಿ ಸವೆಯುತ್ತವೆ. ಚನ್ನಪಟ್ಟಣದ ಬೊಂಬೆಯ ಕುಶಲಿಗನು ಮರದಲ್ಲಿ ತೋರುವ ನಯವನ್ನು ಇಲ್ಲಿ ಉಕ್ಕಿನಲ್ಲಿ ತೋರಬೇಕಾಗುತ್ತದೆ.

ಮೂಲ ಜೀಪಿನ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿ 60 ಅಶ್ವಶಕ್ತಿ ನೀಡುತ್ತಿತ್ತು. ಟ್ರಾಕ್ಟರಿನ ಡೀಸೆಲ್ ಎಂಜಿನ್ನಾದರೋ ಅದರ ಅರ್ಧದಷ್ಟು ಸುತ್ತಿನಲ್ಲೇ ದುಡಿಯುವಂಥದು. ಆದುದರಿಂದ ಅಚ್ಚುಗಳೊಳಗಿನ ಹಲ್ಲುಚಕ್ರಗಳ ಪ್ರಮಾಣವನ್ನೂ ಬದಲಿಸಬೇಕು. ಅದನ್ನು ಹಿಂದಿನ ಅಚ್ಚಿಗೆ ಮಾತ್ರ ಮಾಡಿ ಮುಂದಿನದನ್ನು ಮರೆತರೆ, ನಾಲ್ಕೂ ಗಾಲಿಗಳಿಗೆ ಬಲ ಹರಿಸಿದ ಕ್ಷಣವೇ ಎರಡು ಅಚ್ಚುಗಳು ಒಂದನ್ನೊಂದು ಎಳೆದಾಡಿ, ಹಲ್ಲುಚಕ್ರಗಳೇ ಮುರಿಯಬಹುದು. ಒಂದನ್ನು ಬದಲಿಸಿದವನು ಹತ್ತಕ್ಕೆ ಹೊಣೆಯಾಗಬೇಕು.

ಆ ಹೊಣೆ ಅಲ್ಲಿಗೇ ತೀರುವುದಿಲ್ಲ. ಕಾರ್ಖಾನೆಯಿಂದ ಬಂದ ಗಾಡಿಗೆ ಕೈಪಿಡಿಯುಂಟು. ಕಸಿಯ ಗಾಡಿಗೆ ಒಡೆಯನ ಕಣ್ಣು ಕಿವಿಗಳೇ ಕೈಪಿಡಿ. ಬೆಳಗ್ಗೆ ನೀರು, ಎಣ್ಣೆ ನೋಡಬೇಕು. ನಡುಕಕ್ಕೆ ಸಡಿಲಿದ ಬೋಲ್ಟುಗಳನ್ನು ಬಿಗಿಯಬೇಕು. ಇಂಧನದ ನಳಿಗೆಗೆ ಗಾಳಿ ಹೊಕ್ಕರೆ ಎಂಜಿನ್ ನಿಂತುಬಿಡುತ್ತದೆ. ತಿರುಪನ್ನು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪನ್ನು ಒತ್ತಬೇಕು. ಹಳ್ಳವನ್ನು ದಾಟಿ ಬಂದ ಮೇಲೆ ಅಚ್ಚಿನ ಎಣ್ಣೆಯನ್ನು ಪರೀಕ್ಷಿಸಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ. ಗಟ್ಟಿ ಟಾರು ರಸ್ತೆಗೆ ಬಂದೊಡನೆ ಮುಂದಿನ ಗಾಲಿಗಳ ಸನ್ನೆಯನ್ನು ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನವೂ ಕ್ರಮಿಸುವ ದೂರ ಒಂದೇ ಅಲ್ಲ.

ಇಷ್ಟೆಲ್ಲ ಏತಕ್ಕೆ? ರೇಷ್ಮೆಯ ಹುಳು ಗೂಡು ಕಟ್ಟಲಾರಂಭಿಸಿದ ಐದಾರು ದಿನಗಳಲ್ಲಿ ರೈತನು ಗೂಡನ್ನು ಚಂದ್ರಿಕೆಯಿಂದ ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯಬೇಕು. ತಡವಾದರೆ ಚಿಟ್ಟೆಯು ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡ ಎಳೆ ಬಾರದು. ಹಗಲಿರುಳು ಮನೆಮಂದಿಯೆಲ್ಲ ಸೊಪ್ಪು ಹಾಕಿ ಸಾಕಿದ ಬೆಳೆ, ನಡುದಾರಿಯಲ್ಲಿ ಕೆಟ್ಟು ನಿಂತ ಗಾಡಿಗಾಗಿ ಕಾಯುವುದಿಲ್ಲ.

ಇನ್ನೊಂದು ಮಾತು. ತೋಪಿನ ಮಾವಿಗೆ ಕಸಿ ಕಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನಕ್ಕೆ ಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ತೀರ್ಪಿತ್ತಿದೆ. ಇದು ಜಾಣ್ಮೆಗೆ ಹಾಕಿದ ಬೇಲಿಯೆಂದು ಕೆಲವರು ಮುನಿಯಬಹುದು. ಆದರೆ ಸರಿಯಾಗಿ ಕೂಡದ ಬ್ರೇಕಿಗೆ ಬಲಿಯಾಗುವವನು ಗಾಡಿಯ ಒಡೆಯನೇ ಆಗಿರಬೇಕೆಂದಿಲ್ಲ. ಎದುರಿನಿಂದ ಸೈಕಲ್ಲಿನಲ್ಲಿ ಬರುತ್ತಿರುವ ಬಾಲಕನೂ ಆಗಬಹುದು.

ಹಳೆಯದನ್ನು ಎಸೆಯದೆ ಅದಕ್ಕೆ ಹೊಸ ಜೀವವನ್ನು ಕೊಡುವುದು ದೊಡ್ಡ ವಿದ್ಯೆ. ಜೀವ ಕೊಟ್ಟ ಮೇಲೆ ದಿನವೂ ಅದನ್ನು ಕಾಯುವುದು ಅದಕ್ಕಿಂತ ದೊಡ್ಡದು. ಮೊದಲನೆಯದಕ್ಕೆ ಕೈಚಳಕ ಸಾಕು. ಎರಡನೆಯದಕ್ಕೆ ತಾಳ್ಮೆಯೂ ಬೇಕು, ಪರರ ಜೀವದ ಮೇಲೆ ಗೌರವವೂ ಬೇಕು.