ಕುದುರೆ ಬದಲಿಸಿದ ಊರಲ್ಲಿ ಒಂದು ತೆನೆ

ಕರ್ಜತ್ ಲೋಕಲ್ ಕಲ್ಯಾಣ ದಾಟಿದ ಮೇಲೆ ಗುಡ್ಡಗಳು ಹತ್ತಿರವಾಗುತ್ತವೆ. ಬದಲಾಪುರದಲ್ಲಿ ಇಳಿದಾಗ ಮೃಗಶಿರಾ ಮಳೆ ಹಿಡಿದಿತ್ತು. ಸೂರತ್ತಿನ ದಾರಿಯಲ್ಲಿ ಶಿವಾಜಿಯ ಸೈನ್ಯ ಇಲ್ಲಿ ಕುದುರೆ ಬದಲಿಸುತ್ತಿತ್ತಂತೆ. ಊರಿಗೆ ಆ ಹೆಸರು ಅದರಿಂದಲೇ ಬಂತೆಂದು ಇಲ್ಲಿಯವರು ಹೇಳುತ್ತಾರೆ.

ಸ್ಟೇಷನ್ ಹೊರಗೆ ಮುದುಕಿಯೊಬ್ಬಳು ಇದ್ದಿಲ ಕೆಂಡದ ಮೇಲೆ ತೆನೆ ಸುಡುತ್ತಿದ್ದಳು. ಅರ್ಧ ನಿಂಬೆಹಣ್ಣನ್ನು ಉಪ್ಪು-ಖಾರದಲ್ಲಿ ಅದ್ದಿ, ತೆನೆಗೆ ಉಜ್ಜಿ ಕೈಗಿಟ್ಟಳು. "ಅಣ್ಣಾ, ನಮ್ಮ ಗೋವಿನಜ್ವಾಳನ ಇದು. ಇಲ್ಲಿ ಕಣೀಸ ಅಂತಾರ," ಎಂದಳು, ಹುಬ್ಬಳ್ಳಿಯಿಂದ ಮದುವೆಯಾಗಿ ಬಂದ ತಂಗಿ.

ನಮ್ಮದೇ? ಸುಮಾರು 9,000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ಕಣಿವೆಯಲ್ಲಿ ತಿಯೋಸಿಂಟೆ ಎಂಬ ಹುಲ್ಲಿತ್ತು. ಅದರ ತೆನೆಯಲ್ಲಿ ಹತ್ತು-ಹನ್ನೆರಡೇ ಕಾಳು. ಅವೂ ಕಲ್ಲಿನಂಥ ಸಿಪ್ಪೆಯೊಳಗೆ. ಅಲ್ಲಿನ ರೈತರು ತಲೆಮಾರುಗಟ್ಟಲೆ ಬೀಜ ಆರಿಸಿ ಆರಿಸಿ, ನೂರಾರು ಕಾಳಿನ ಈ ತೆನೆ ಮಾಡಿದರು. ಇಂದು ಮನುಷ್ಯ ಬಿಡಿಸಿ ಬಿತ್ತದಿದ್ದರೆ ಇದು ತಾನಾಗಿ ಬಾಳಲಾರದು. ಕೈಯಲ್ಲಿದ್ದುದು ಬೆಳೆಯಲ್ಲ, ಹೆಸರಿಲ್ಲದವರ ಕೈಕೆಲಸ ಎನ್ನಿಸಿ ನಾನು ಮಳೆಯಲ್ಲೇ ನಿಂತುಬಿಟ್ಟೆ.

ಆ ನಾಡಿನವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿಯೇ ಅರೆಯುತ್ತಿದ್ದರು. ಯುರೋಪು ಕಾಳನ್ನು ಒಯ್ದಿತು, ಸುಣ್ಣವನ್ನು ಅಲ್ಲಿಯೇ ಬಿಟ್ಟಿತು. ಸುಣ್ಣವಿಲ್ಲದೆ ಅದರ ಸತ್ವ ಮೈಗೆ ಹತ್ತದೆ, ಗೋವಿನಜೋಳವನ್ನೇ ನಂಬಿ ಬದುಕಿದ ಬಡವರಿಗೆ ಪೆಲಾಗ್ರ ರೋಗ ತಗುಲಿತು.

ಸಂತೆಯೊಳಗೆ ಹೊಕ್ಕೆವು. ತಂಗಿಯ ಚೀಲಕ್ಕೆ ಬಟಾಟಿ ಬಿತ್ತು, ಟೊಮ್ಯಾಟೊ, ಹಸಿಮೆಣಸಿನಕಾಯಿ, ಶೇಂಗಾ, ಪಪ್ಪಾಯಿ ಬಿದ್ದವು. ಟೊಮ್ಯಾಟೊ ಎಂಬುದು ಮೆಕ್ಸಿಕೋದ ಆಜ್ಟೆಕರ ನಹುವಾತ್ಲ್ ಭಾಷೆಯ 'ತೊಮಾತ್ಲ್'. ಅವರು 1325ರಲ್ಲಿ ಸರೋವರದ ನಡುವೆ ಕಟ್ಟಿದ ತೆನೋಚ್ಟಿಟ್ಲಾನ್ ಪಕ್ಕದ ತ್ಲಾತೆಲೋಲ್ಕೊ ಸಂತೆಯಲ್ಲಿ ದಿನಕ್ಕೆ 60,000 ಜನ ಸೇರುತ್ತಿದ್ದರೆಂದು ಆ ನಗರವನ್ನು ಕೆಡವಿದ ಸ್ಪೇನಿನ ಕೋರ್ಟೆಸನೇ ಬರೆದಿದ್ದಾನೆ. ಬಟಾಟಿ ಆಂಡೀಸ್ ಪರ್ವತದ್ದು. ರಾತ್ರಿಯ ಹಿಮಕ್ಕೆ ಹರವಿ, ಹಗಲು ಕಾಲಲ್ಲಿ ತುಳಿದು ನೀರು ತೆಗೆದು, ಒಣಗಿಸಿ 'ಚುನ್ಯೊ' ಮಾಡಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅಲ್ಲಿನ ಇಂಕಾ ಅರಸರು ಅದನ್ನು ಉಗ್ರಾಣಗಳಲ್ಲಿ ತುಂಬಿಸಿಡುತ್ತಿದ್ದರು. ಲೆಕ್ಕ ಇಡಲು ಅಕ್ಷರವಿಲ್ಲ, ಗಂಟು ಹಾಕಿದ ದಾರಗಳು. ಆ ಉಗ್ರಾಣಗಳನ್ನು ಜೋಡಿಸಿದ್ದು ಸುಮಾರು 30,000 ಕಿ.ಮೀ. ರಸ್ತೆಜಾಲ. ಅದರ ಮೇಲೆ ಒಂದೂ ಕುದುರೆ ಓಡಲಿಲ್ಲ, ಏಕೆಂದರೆ ಆ ನಾಡಿನಲ್ಲಿ ಕುದುರೆಯೇ ಇರಲಿಲ್ಲ. ಓಟಗಾರರು ನಿಲುಗಡೆಯಿಂದ ನಿಲುಗಡೆಗೆ ಸುದ್ದಿ ದಾಟಿಸುತ್ತಿದ್ದರು. ಬದಲಾಪುರದಲ್ಲಿ ಕುದುರೆ ಬದಲಾದವು. ಅಲ್ಲಿ ಮನುಷ್ಯರೇ ಬದಲಾಗುತ್ತಿದ್ದರು.

ಬೀಜಗಳೂ ಹಾಗೆಯೇ ಬಂದಿವೆ, ನಿಲುಗಡೆಗೊಂದು ಹೆಸರು ಬದಲಿಸುತ್ತ. ಈ ಕರಾವಳಿಯ ವಸಯಿ ಕೋಟೆ 1534ರಿಂದ 1739ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು; ಗೋವೆಯಂತೂ ಅವರದೇ ಆಗಿತ್ತು. ಅವರ ಹಡಗಿನಲ್ಲಿ ಬಂದ ಕೆರಿಬಿಯನ್ ದ್ವೀಪದ 'ಬತಾತ' ಇಲ್ಲಿ ಬಟಾಟಿಯಾಯಿತು. ಬ್ರೆಜಿಲಿನ ತುಪಿ ಜನರ 'ಅಕಜು' ಕಾಜು ಆಯಿತು, 'ನನಾ' ಅನಾನಸ್ ಆಯಿತು. ಈ ತೆನೆಯಂತೂ ತನ್ನ ತವರಿನ ಹೆಸರನ್ನು ಪೂರ್ತಿ ಕಳೆದುಕೊಂಡು ನಮ್ಮಲ್ಲಿ ಗೋವಿನಜೋಳವಾಗಿ ಕೂತಿದೆ.

ಸಂತೆಯ ಕೊನೆಗೆ ಬುಟ್ಟಿಯ ತುಂಬ ನೇರಳೆ. ಬದಲಾಪುರ ನೇರಳೆಗೇ ಹೆಸರಾದ ಊರು. ಅದನ್ನೂ ಚೀಲಕ್ಕೆ ಹಾಕಿಸಿಕೊಂಡೆವು. ಮನೆಗೆ ಬಂದು ಚೀಲ ಸುರಿದಾಗ ಎಣಿಸಿದೆ: ಆರು ಪದಾರ್ಥ. ಅದರಲ್ಲಿ ಯುರೋಪಿನ ಹಡಗುಗಳು ಅಮೆರಿಕ ಮುಟ್ಟಿದ 1492ಕ್ಕೆ ಮೊದಲು ಈ ನೆಲದಲ್ಲಿದ್ದದ್ದು ನೇರಳೆ ಒಂದೇ.