ಪಿನ್ನು, ಪಿನ್‌ಕೋಡು ಮತ್ತು ನನ್ನ ಪೆದ್ದುತನ

ಹೋದ ತಿಂಗಳು ಒಂದು ಶನಿವಾರ ಸಂಜೆ ಜಯನಗರ ನಾಲ್ಕನೇ ಬ್ಲಾಕಿನಿಂದ ತರಕಾರಿ, ಹೂವು ತಗೊಂಡು ಆಟೋದಲ್ಲಿ ಮನೆಗೆ ಬಂದೆ. ಚೀಲ ಇಳಿಸಿದೆ, ದುಡ್ಡು ಕೊಟ್ಟೆ, ಮೊಬೈಲನ್ನು ಮಾತ್ರ ಸೀಟಿನ ಮೇಲೇ ಬಿಟ್ಟೆ! ಗೊತ್ತಾಗುವಷ್ಟರಲ್ಲಿ ಆಟೋ ತಿರುವು ದಾಟಿಯಾಗಿತ್ತು. ಹೆಂಡತಿಯ ಫೋನಿಂದ ಕರೆ ಮಾಡಿದರೆ ಎರಡು ಸಲ ರಿಂಗಾಯ್ತು, ಮೂರನೇ ಸಲ ಸ್ವಿಚ್ಡ್ ಆಫ್.

"ಹೋದ್ರೆ ಹೋಗ್ಲಿ ಬಿಡಿ, ಹಳೇ ಫೋನು" ಅಂದಳು. ಆ ಫೋನಿನೊಳಗೆ ಮಗಳ ಕಾಲೇಜು ಫೀಸಿತ್ತು ಅಂತ ಅವಳಿಗೆ ಗೊತ್ತಿರಲಿಲ್ಲ.

ವಿಷಯ ಇಷ್ಟು. 2017ರಲ್ಲಿ ಆಫೀಸಿನಲ್ಲಿ ಎಲ್ಲರೂ ಬಿಟ್‌ಕಾಯಿನ್ ಜಪ ಮಾಡುತ್ತಿದ್ದಾಗ ನಾನೂ ಬೋನಸ್ಸಿನ ದುಡ್ಡಲ್ಲಿ ಸ್ವಲ್ಪ ಕೊಂಡಿದ್ದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಹೇಳಿತಲ್ಲ, ಆಗ ಹೆದರಿ ಎಲ್ಲವನ್ನೂ ಮೊಬೈಲ್ ವಾಲೆಟ್ಟಿಗೆ ಸಾಗಿಸಿದೆ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಾನು ಮಾತ್ರ ವಾಲೆಟ್ಟನ್ನು ಹಾಗೇ ಬಿಟ್ಟಿದ್ದೆ. ಅದು ಅದರ ಪಾಡಿಗೆ ಬೆಳೆದಿತ್ತು.

"ಪಿನ್ ಇದೆಯಲ್ಲಪ್ಪಾ?" ಅಂದಳು ಮಗಳು.

ಇದೆ, ಆರಂಕಿಯದು.

"ಫೋನಿಗೂ ಅದೇ, ವಾಲೆಟ್ಟಿಗೂ ಅದೇ ಅಲ್ವಾ?"

ಸುಮ್ಮನಿದ್ದೆ.

"ನನ್ನ ಬರ್ತ್‌ಡೇ?"

ಅಲ್ಲ ಅಂದೆ, ಸ್ವಲ್ಪ ಜಂಬದಿಂದಲೇ.

"ಹಂಗಾದ್ರೆ 560041."

ನನ್ನ ಬಾಯಿ ಕಟ್ಟಿಹೋಯಿತು.

ಎರಡೇ ಊಹೆ! ಅದು ನಮ್ಮ ಜಯನಗರದ ಪಿನ್‌ಕೋಡು. 1972ರ ಆಗಸ್ಟ್ 15ರಂದು ಅಂಚೆಯಣ್ಣನಿಗೆ ದಾರಿ ತೋರಿಸಲು ಬಂದ ಪದ್ಧತಿ, ಈಗ ಕಳ್ಳನಿಗೂ ದಾರಿ ತೋರಿಸುತ್ತಿದೆ. ಆರಂಕಿ ಅಂದರೆ ಹತ್ತು ಲಕ್ಷ ಸಾಧ್ಯತೆ. ಬೆಂಗಳೂರಿನವರು 560 ಅಂತ ಶುರು ಮಾಡಿಬಿಟ್ಟರೆ ಉಳಿಯುವುದು ಒಂದೇ ಸಾವಿರ. ನಮ್ಮ ಕಡೆಯವರಾದರೆ ಇನ್ನೂ ಸುಲಭ: ಜಯನಗರ 41, ಬನಶಂಕರಿ 70, ಬಿ.ಟಿ.ಎಂ. 76, ಜೆ.ಪಿ. ನಗರ 78... ಬೆರಳಲ್ಲೇ ಎಣಿಸಬಹುದು. ಸಾಲದ್ದಕ್ಕೆ ಫೋನಿನ ಕವರಿನಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸು ಬೇರೆ. ಹುಟ್ಟಿದ ದಿನ, ವಿಳಾಸ ಎಲ್ಲ ಅದರ ಮೇಲೇ ಇದೆ.

2012ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಬ್ಯಾಂಕ್ ಕಾರ್ಡುಗಳ ನಾಲ್ಕಂಕಿ ಪಿನ್ ಬಗ್ಗೆ ಒಂದು ಲೆಕ್ಕ ಹಾಕಿದ್ದರು. ಪರ್ಸಿನಲ್ಲೇ ಸಿಗುವ ಗುರುತಿನ ಚೀಟಿ ನೋಡಿ, ಹುಟ್ಟಿದ ದಿನದಿಂದ ಊಹಿಸುತ್ತಾ ಹೋದರೆ, ಜಾಣ ಕಳ್ಳನಿಗೆ 11ರಿಂದ 18 ಪರ್ಸಿಗೊಂದು ಕಾರ್ಡು ದಕ್ಕುತ್ತದಂತೆ.

ತಪ್ಪು ಪಿನ್ ಒತ್ತಿದರೆ ಫೋನು ಕಾಯಿಸುತ್ತದಲ್ಲ ಅಂತೀರಾ? ನಿಜ. ಒಂದೊಂದಾಗಿ ಹತ್ತು ಲಕ್ಷ ಒತ್ತಲು ಹೊರಟವನಿಗೆ ಅದು ಕೋಟೆ ಗೋಡೆ. ಎರಡನೇ ಸಲಕ್ಕೇ ಸರಿಯಾಗಿ ಒತ್ತುವವನಿಗೆ ಅದು ಗೋಡೆಯೇ ಅಲ್ಲ. ಬ್ಯಾಂಕ್ ಕಾರ್ಡಾದರೆ ಕರೆ ಮಾಡಿ ಬ್ಲಾಕ್ ಮಾಡಿಸಬಹುದು. ಈ ಬಿಟ್‌ಕಾಯಿನ್ನಿಗೆ ಮ್ಯಾನೇಜರೂ ಇಲ್ಲ, ಕೌಂಟರೂ ಇಲ್ಲ.

ಬೀರುವಿನಲ್ಲಿ ಒಂದು ಹಳೇ ಪಂಚಾಂಗದೊಳಗೆ ಹನ್ನೆರಡು ಇಂಗ್ಲಿಷ್ ಪದಗಳ ಚೀಟಿ ಇಟ್ಟಿದ್ದೆ. 2048 ಪದಗಳ ಪಟ್ಟಿಯಿಂದ ವಾಲೆಟ್ಟೇ ಆರಿಸಿ ಕೊಟ್ಟಿದ್ದ ಪದಗಳು. ಅಸಲಿ ಕೀಲಿ ಅದು; ಪಿನ್ ಬರೀ ಆ ಒಂದು ಫೋನಿನ ಚಿಲಕ. ಮಗಳ ಫೋನಿನಲ್ಲಿ ಪದಗಳನ್ನು ಹಾಕಿದೆ, ವಾಲೆಟ್ ತೆರೆಯಿತು. ಹೊಸ ಪಿನ್ ಇಟ್ಟು ನಿಟ್ಟುಸಿರು ಬಿಡುವವನಿದ್ದೆ, ಆಗ ಹೊಳೆಯಿತು... ಇಲ್ಲಿ ಚಿಲಕ ಬದಲಿಸಿದರೆ ಅಲ್ಲಿಯ ಚಿಲಕ ಬದಲಾಗುವುದಿಲ್ಲ! ಕಳೆದ ಫೋನಿನೊಳಗೂ ಅದೇ ಕೀಲಿ ಇದೆ. ಕೊನೆಗೆ ಬೇರೆ ಹನ್ನೆರಡು ಪದಗಳ ಹೊಸ ವಾಲೆಟ್ ಮಾಡಿ, ಎಲ್ಲವನ್ನೂ ಅದಕ್ಕೆ ಕಳಿಸಿದೆ. ವರ್ಗಾವಣೆ ಖಾತ್ರಿಯಾಗುವವರೆಗೆ ಮೂವರೂ ಊಟ ಬಿಟ್ಟು ಪರದೆಯನ್ನೇ ನೋಡುತ್ತಾ ಕೂತಿದ್ದೆವು.

ಆಮೇಲೆ ಹೆಂಡತಿ ಪಂಚಾಂಗ ಮಡಚಿಡುತ್ತಾ ಹೇಳಿದಳು, "ಹೋದ ಯುಗಾದಿಗೆ ಇದನ್ನ ರದ್ದಿಗೆ ಹಾಕೋಳಿದ್ದೆ. ನಿಮಗೇನಾದ್ರೂ ಆಗಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಲೈಸೆನ್ಸು ಸಿಕ್ಕಿದ ಯಾರು ಬೇಕಾದರೂ ತೆರೆಯಬಹುದಾದ ಪೆಟ್ಟಿಗೆಯನ್ನು, ಇಷ್ಟು ವರ್ಷ ನಾನು ಮನೆಯವರಿಗೆ ಮಾತ್ರ ಮುಚ್ಚಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಸೊನ್ನೆಯಿಂದ ಒಂಬತ್ತರವರೆಗೆ ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿದೆ. ಕಣ್ಣು ಮುಚ್ಚಿ ಒಂದು ತೆಗೆಯೋದು, ಅಂಕಿ ಬರೆದುಕೊಳ್ಳೋದು, ಚೀಟಿ ಮತ್ತೆ ಡಬ್ಬಿಗೇ ಹಾಕಿ ಕುಲುಕೋದು. ಹೀಗೆ ಆರು ಸಲ. ಯಾರ ಹುಟ್ಟುಹಬ್ಬವೂ ಅಲ್ಲ, ಯಾವ ಬಡಾವಣೆಯೂ ಅಲ್ಲ. ಫೋನಿನ ಪಿನ್ನಿಗೆ ಇನ್ನೊಂದು ಸುತ್ತು, ಬೇರೆ ಅಂಕಿ. ಪದಗಳ ಚೀಟಿ ಈಗ ಎರಡು ಕಡೆ ಇದೆ. ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು.

ಚೀಟಿ ಎತ್ತುತ್ತಿರುವಾಗಲೇ ಗೇಟಿನ ಸದ್ದಾಯಿತು. ನೋಡಿದರೆ ಅದೇ ಆಟೋದವರು! "ಬ್ಯಾಟರಿ ಹೋಗಿತ್ತು ಸಾರ್. ಮನೆ ಗೊತ್ತಿತ್ತಲ್ಲ, ಬಂದೆ." ಕಾಫಿ ಕುಡಿದರು, ದುಡ್ಡು ಮುಟ್ಟಲಿಲ್ಲ. ರಾತ್ರಿಯಿಡೀ ಅವರನ್ನು ಕಳ್ಳ ಅಂತ ಲೆಕ್ಕ ಹಾಕಿದ್ದಕ್ಕೆ ನನಗೆ ಮುಖ ಎತ್ತಲಾಗಲಿಲ್ಲ.

ಇರಲಿ. ನಿಮ್ಮ ಪಿನ್ ಏನು ಅಂತ ನನಗೆ ಹೇಳಬೇಡಿ ಮಾರಾಯ್ರೆ :-) ಆದರೆ ಎಷ್ಟು ಸಲದಲ್ಲಿ ಊಹಿಸುತ್ತಾರೆ ಅಂತ ಇವತ್ತು ಮನೆಯವರನ್ನು ಕೇಳಿ ನೋಡಿ.