ಶೀಶೆಯೊಳಗಿನ ಹೊಳಪು

ಹೊಳಪೆಂದರೆ ಮನುಷ್ಯನಿಗೆ ಮೊದಲಿನಿಂದಲೂ ಒಂದು ಬಗೆಯ ಮೋಹ. ಹಬ್ಬದ ಹಿಂದಿನ ದಿನ ಅಟ್ಟದಿಂದ ಇಳಿಸಿದ ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ, ಕಪ್ಪುಗಟ್ಟಿದ ಮೈಯಿಂದ ಹೊಂಬಣ್ಣ ಮೂಡಿ ಬರುವುದನ್ನು ಕಂಡು ಹಿಗ್ಗದವರಿಲ್ಲ. ಹುಣಸೆಯ ಹುಳಿ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ. ಅದರ ಕೆಳಗೆ ಹೊಸ ಲೋಹ ಸಿದ್ಧವಾಗಿಯೇ ಇರುತ್ತದೆ. ಆದ್ದರಿಂದ ತಿಕ್ಕಿದಷ್ಟೂ ಹೊಳಪು ಹೆಚ್ಚುತ್ತದೆಂಬ ನಂಬಿಕೆ ಹಿತ್ತಾಳೆಯ ಮಟ್ಟಿಗೆ ನಿಜ. ಆ ನಂಬಿಕೆಯನ್ನು ಬೇರೆ ವಸ್ತುವಿಗೆ ಅನ್ವಯಿಸಿದರೆ ಏನಾಗುವುದೆಂಬುದನ್ನು ತುಮಕೂರಿನ ನಿವೃತ್ತ ಮೇಷ್ಟರೊಬ್ಬರು ತಮ್ಮ ಕಾರಿನಿಂದ ಕಲಿತರು. ಆ ಕಲಿಕೆಗೆ ತೆತ್ತ ಬೆಲೆಯಲ್ಲಿ ಶೀಶೆಗಳ ಬೆಲೆ ತೀರ ಸಣ್ಣ ಭಾಗವಾಗಿತ್ತು.

ಮೇಷ್ಟರು 33 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವರು. ಬೆಳಕಿನ ಪ್ರತಿಫಲನದ ಪಾಠ ಬಂದಾಗ ತರಗತಿಗೆ ಒಂದು ಕನ್ನಡಿಯನ್ನೂ ಒಂದು ಬಿಳಿಯ ಹಾಳೆಯನ್ನೂ ತರುತ್ತಿದ್ದರು. ನುಣುಪಾದ ಮೇಲ್ಮೈಯ ಮೇಲೆ ಬಿದ್ದ ಕಿರಣಗಳು ಶಿಸ್ತಿನಿಂದ ಒಂದೇ ದಿಕ್ಕಿಗೆ ಹಿಂದಿರುಗುತ್ತವೆ, ಒರಟು ಮೇಲ್ಮೈಯ ಮೇಲೆ ಬಿದ್ದವು ದಿಕ್ಕಾಪಾಲಾಗಿ ಚದುರುತ್ತವೆ ಎಂದು ಅವರು ವಿವರಿಸುತ್ತಿದ್ದರೆ ಹಿಂದಿನ ಬೆಂಚಿನ ಹುಡುಗನಿಗೂ ಮನದಟ್ಟಾಗುತ್ತಿತ್ತು. ನಿವೃತ್ತಿಯ ಕಾಲದಲ್ಲಿ ಬಂದ ಹಣದಿಂದ ಅವರು ಕಡುನೀಲಿ ಬಣ್ಣದ ಒಂದು ಸಣ್ಣ ಕಾರನ್ನು ಕೊಂಡರು. ಮನೆಯ ಮುಂದಿನ ಹೊಂಗೆಯ ಮರದ ಕೆಳಗೆ ಅದು ನಿಲ್ಲುತ್ತಿತ್ತು. ಹೊಂಗೆಯ ಹೂವು, ಹಕ್ಕಿಗಳ ಹಿಕ್ಕೆ, ಬೀದಿಯ ಧೂಳು ಎಲ್ಲವೂ ಅದರ ಮೇಲೆಯೇ.

ಆ ಬೀದಿಯ ನಾಲ್ಕು ಮನೆಗಳ ಕಾರುಗಳನ್ನು ತೊಳೆಯಲು ಬೆಳಗಿನ ಜಾವ ಒಬ್ಬ ಯುವಕ ಬರುತ್ತಿದ್ದ. ಮನೆಯೊಂದಕ್ಕೆ ತಿಂಗಳಿಗೆ 600 ರೂಪಾಯಿ. ಆ ಹಣದಲ್ಲಿಯೇ ಅವನ ಪದವಿ ವ್ಯಾಸಂಗದ ಖರ್ಚು ನಡೆಯಬೇಕು. ಅವನ ಕೆಲಸದಲ್ಲಿ ಒಂದು ಕ್ರಮವಿತ್ತು. ಮೊದಲು ಬರಿಯ ನೀರು ಹುಯ್ದು ಧೂಳನ್ನು ಇಳಿಸುವನು. ಸ್ವಲ್ಪ ಹೊತ್ತು ಕಾಯುವನು. ಮೇಲಿನಿಂದ ಕೆಳಕ್ಕೆ ಒದ್ದೆಬಟ್ಟೆಯಲ್ಲಿ ಒರೆಸುವನು. ನಡುನಡುವೆ ಬಟ್ಟೆಯನ್ನು ಜಾಲಿಸುವನು. ಬಿಸಿಲೇರುವ ಮೊದಲೇ ತೇವವನ್ನೆಲ್ಲ ತೆಗೆದುಬಿಡುವನು. ಈ ನಿಧಾನ ಮೇಷ್ಟರಿಗೆ ಸೋಮಾರಿತನವಾಗಿ ಕಾಣುತ್ತಿತ್ತು. ಅವರು ತಾವೇ ಹೊರಗೆ ಹೊರಟಾಗಲೆಲ್ಲ ಹಳೆಯ ಪಂಚೆಯ ತುಂಡೊಂದನ್ನು ಹಿಡಿದು, ಬಾನೆಟ್ಟಿನ ಮೇಲೂ ಬಾಗಿಲುಗಳ ಮೇಲೂ ಕುಳಿತ ಧೂಳನ್ನು ಪಟಪಟನೆ ಒರೆಸಿ ಕಾರು ಹತ್ತುತ್ತಿದ್ದರು.

ಒಂದು ಸಂಜೆ ಓರೆಬಿಸಿಲು ಬಾನೆಟ್ಟಿನ ಮೇಲೆ ಬಿದ್ದಾಗ ಅವರ ಎದೆ ಧಸಕ್ಕೆಂದಿತು. ಕಡುನೀಲಿಯ ಮೇಲೆ ಜೇಡರ ಬಲೆಯಂತೆ ಸಾವಿರಾರು ಸೂಕ್ಷ್ಮ ಗೀರುಗಳು! ಮರುದಿನ ಬೆಳಗ್ಗೆ ಯುವಕನನ್ನು ತಡೆದು ನಿಲ್ಲಿಸಿದರು.

"ಏನಪ್ಪಾ, ಕಾರು ತೊಳೆಯುತ್ತೀಯೋ, ತಳ ಹಿಡಿದ ಪಾತ್ರೆ ಉಜ್ಜುತ್ತೀಯೋ?"

"ನೀರು ಹುಯ್ಯದೆ ನಾನು ಬಟ್ಟೆ ಮುಟ್ಟಿಸೋದಿಲ್ಲ ಸಾರ್. ಧೂಳಿದ್ದಾಗ ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತೆ."

ಮಾತು ಯಾರನ್ನು ಕುರಿತದ್ದೆಂದು ಮೇಷ್ಟರಿಗೆ ತಿಳಿಯದೆ ಇರಲಿಲ್ಲ. ತಿಳಿದುದರಿಂದಲೇ ಸಿಟ್ಟು ಹೆಚ್ಚಾಯಿತು. "ನನಗೇ ಪಾಠ ಹೇಳಬೇಡ. ನಾಳೆಯಿಂದ ನೀನು ಬರುವುದು ಬೇಡ" ಎಂದುಬಿಟ್ಟರು. ಯುವಕ ಬಟ್ಟೆಯನ್ನು ಹಿಂಡಿ, ಮಡಿಸಿ, ಕಾಂಪೌಂಡಿನ ಮೇಲಿಟ್ಟು ಹೊರಟುಹೋದ. ಆ ವಾರದಲ್ಲಿ ಮೇಷ್ಟರು ನೆರೆಹೊರೆಯವರೊಡನೆಯೂ ಈ ಮಾತನ್ನಾಡಿದರು. ಮೇಷ್ಟರ ಮಾತು ಆ ಬೀದಿಗೆ ಪ್ರಮಾಣ. ಉಳಿದ ಮೂರು ಮನೆಯವರೂ ಅವನನ್ನು ಬಿಡಿಸಿದರು.

ಮಗಳ ಮದುವೆಗೆ ಆಗ ಎರಡು ತಿಂಗಳಿತ್ತು. ಅವಳನ್ನು ತಮ್ಮ ಕಾರಿನಲ್ಲಿಯೇ ಕಲ್ಯಾಣಮಂಟಪಕ್ಕೆ ಕರೆದೊಯ್ಯಬೇಕೆಂಬುದು ಮೇಷ್ಟರ ಆಸೆ. ಗೀರು ತುಂಬಿದ ಕಾರಿನಲ್ಲಿ ಮದುಮಗಳೇ? ಅವರು ಕಾರಿನ ಸಾಮಾನುಗಳ ಅಂಗಡಿಗೆ ಹೋದರು. ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದ ಶೀಶೆಗಳು ಔಷಧದ ಅಂಗಡಿಯಲ್ಲಿರುವಂತೆ ಸಾಲಾಗಿ ನಿಂತಿದ್ದವು. ಒಂದೊಂದು ರೋಗಕ್ಕೆ ಒಂದೊಂದು.

ಮೊದಲು ಬಂದದ್ದು ಗೀರು ಅಳಿಸುವ ದ್ರವ. ಹಚ್ಚಿ ಒರೆಸಿದ ಐದೇ ನಿಮಿಷಕ್ಕೆ ಬಾನೆಟ್ಟಿನ ಬಲೆ ಮಾಯವಾಯಿತು. ಮೇಷ್ಟರು ಮನೆಯವರನ್ನೆಲ್ಲ ಕರೆದು ತೋರಿಸಿದರು. ಆದರೆ ಮೂರು ಸಲ ತೊಳೆಯುವಷ್ಟರಲ್ಲಿ ಗೀರುಗಳು ತವರಿಗೆ ಹೋಗಿದ್ದ ಸೊಸೆಯರಂತೆ ಒಬ್ಬೊಬ್ಬರಾಗಿ ಹಿಂದಿರುಗಿದವು. ಎರಡನೆಯದು ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಗಳಿಂದ ಬರುವ ಕಾರ್ನೌಬಾ ಮೇಣವು ಅದರಲ್ಲಿದೆಯೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಎಷ್ಟಿದೆಯೆಂದು ಮಾತ್ರ ಬರೆದಿರಲಿಲ್ಲ. ಮೇಷ್ಟರು ಅದನ್ನು ನಡುಹಗಲಿನ ಬಿಸಿಲಿನಲ್ಲಿ, ಕಾದ ತಗಡಿನ ಮೇಲೆ ಬಳಿದರು. ಅದು ಕ್ಷಣಮಾತ್ರದಲ್ಲಿ ಒಣಗಿ, ಸಂದುಗೊಂದುಗಳಲ್ಲಿ ಸುಣ್ಣದಂತೆ ಕಚ್ಚಿಕೊಂಡಿತು.

ಕಾರನ್ನು ಈಗ ತೊಳೆಯುವವರೂ ಅವರೇ. ಅದೂ ಊಟವಾದ ಮೇಲೆ, ಬಿಸಿಲಿನಲ್ಲಿ. ಕೊಳವೆಬಾವಿಯ ಗಡಸು ನೀರು ಒರೆಸುವ ಮೊದಲೇ ಆರಿಹೋಗಿ, ಪ್ರತಿಯೊಂದು ಹನಿಯೂ ಒಂದು ಬಿಳಿಯ ಉಂಗುರವನ್ನು ಬಿಟ್ಟುಹೋಗುತ್ತಿತ್ತು. ಅದು ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಉಳಿಕೆ. ಬಿಸಿನೀರಿನ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಪದರವೂ ಇದೇ. ಕಾರಿನ ಶಾಂಪೂ ಅದಕ್ಕೆ ಸೋತಿತು. ಹಳದಿಗಟ್ಟಿದ ಮುಂದಿನ ದೀಪಗಳಿಗೆ ನೆರೆಮನೆಯವರ ಸಲಹೆಯಂತೆ ಹಲ್ಲುಜ್ಜುವ ಪೇಸ್ಟನ್ನು ತಿಕ್ಕಿದರು. ದೀಪಗಳು ತಿಳಿಯಾದವು, ಕೆಲವು ವಾರಗಳಲ್ಲಿ ಮತ್ತೆ ಮಂಕಾದವು.

ಕೊನೆಯ ಶೀಶೆ ಟೈರಿಗೆ ಹಚ್ಚುವ ಹೊಳಪಿನ ಎಣ್ಣೆ. ಮದುವೆಯ ಬೆಳಗ್ಗೆ, ಹೊರಡುವ ಗಳಿಗೆಯಲ್ಲಿ ಮೇಷ್ಟರು ಅದನ್ನು ನಾಲ್ಕು ಟೈರುಗಳಿಗೂ ಧಾರಾಳವಾಗಿ ಬಳಿದರು. ಮುಂದಿನ ಡ್ಯಾಷ್‌ಬೋರ್ಡಿಗೂ ಅಂಥದೇ ಒಂದು ದ್ರವವನ್ನು ಸವರಿದರು. ಡ್ಯಾಷ್‌ಬೋರ್ಡಿನ ಹೊಳಪು ಗಾಜಿನಲ್ಲಿ ಪ್ರತಿಬಿಂಬಿಸಿ, ಕಾರು ನಡೆಸುತ್ತಿದ್ದ ಸೋದರಳಿಯನಿಗೆ ದಾರಿ ಕಾಣದೆ ಅವನು ಕಣ್ಣು ಕಿರಿದುಮಾಡಿಕೊಂಡೇ ಮಂಟಪ ಮುಟ್ಟಿಸಿದ. ಅಷ್ಟರಲ್ಲಿ ತಿರುಗುವ ಟೈರುಗಳು ಎಣ್ಣೆಯನ್ನು ಸಿಡಿಸಿ ಬಾಗಿಲಿನ ತುಂಬ ಕಪ್ಪು ಚುಕ್ಕೆಗಳನ್ನಿಟ್ಟಿದ್ದವು. ಇಳಿಯುವಾಗ ಮೇಷ್ಟರ ಪತ್ನಿಯ ರೇಷ್ಮೆಸೀರೆಯ ನೆರಿಗೆ ಅದಕ್ಕೆ ತಗುಲಿತು. ಧಾರೆಯ ಹೊತ್ತಿನಲ್ಲೆಲ್ಲ ಆ ತಾಯಿ ಸೆರಗಿನಿಂದ ಕಲೆಯನ್ನು ಮುಚ್ಚಿಕೊಂಡೇ ನಿಂತಿದ್ದರು.

ಮದುವೆಯ ಗದ್ದಲ ಮುಗಿದ ಮೇಲೆ ಮೇಷ್ಟರು ಕಾರನ್ನು ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿನ ಪೇಂಟಿಂಗ್ ಮೇಸ್ತ್ರಿ ವಯಸ್ಸಾದವರು. ಕಾರುಗಳಿಗೆ ಬಣ್ಣ ಹೊಡೆಯುತ್ತಲೇ ತಲೆ ನರೆತವರು. ಅವರು ಕಾರನ್ನು ನೆರಳಿಗೆ ತಳ್ಳಿಸಿ, ಒಂದು ಟಾರ್ಚನ್ನು ಹಿಡಿದು ಸುತ್ತಲೂ ನೋಡಿದರು.

"ಮೇಷ್ಟ್ರೇ, ಏನೇನು ಹಚ್ಚಿದ್ದೀರಿ ಇದಕ್ಕೆ?"

ಮೇಷ್ಟರು ಪಟ್ಟಿ ಒಪ್ಪಿಸಿದರು. ಮೇಸ್ತ್ರಿ ನಕ್ಕು, "ನೀವು ಮುಟ್ಟುತ್ತಿರೋದು ಬಣ್ಣ ಅಲ್ಲ. ಬಣ್ಣ ಕೆಳಗಿದೆ. ಅದರ ಮೇಲೆ ನೀರಿನ ಹಾಗೆ ತಿಳಿಯಾದ ಒಂದು ಪದರ ಇದೆ, ಕ್ಲಿಯರ್ ಕೋಟ್ ಅಂತ. ಹೊಳೆಯೋದು ಅದು" ಎಂದರು. ಆ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ತಲೆಗೂದಲು ಕೂಡ ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಗೀರನ್ನು ನಿಜವಾಗಿ ತೆಗೆಯಬೇಕಾದರೆ ಅದರ ಸುತ್ತಲಿನ ಪದರವನ್ನು ನುಣ್ಣನೆಯ ಕಾಂಪೌಂಡಿನಿಂದ ಸವೆಸಿ, ಗೀರಿನ ಆಳಕ್ಕೆ ಸಮಮಾಡಬೇಕು. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರಾದರೆ ಅದೂ ಸಾಗದು.

"ಶೀಶೆಯಲ್ಲಿರೋ ಎಣ್ಣೆ ಗೀರಿನೊಳಗೆ ತುಂಬಿಕೊಳ್ಳುತ್ತೆ, ಅಷ್ಟೆ. ತೊಳೆದರೆ ಹೋಗುತ್ತೆ. ಹಿತ್ತಾಳೆ ಚೊಂಬನ್ನು ಹಬ್ಬಹಬ್ಬಕ್ಕೂ ಉಜ್ಜಬಹುದು ಮೇಷ್ಟ್ರೇ. ಇದನ್ನು ಎಷ್ಟು ಸಲ ಉಜ್ಜೋಕಾಗುತ್ತೆ? ಇನ್ನು ಆ ಟೈರಿನ ಎಣ್ಣೆ ಇದೆಯಲ್ಲ, ಅದು ಸಿಲಿಕೋನ್. ಅದು ಸಿಡಿದ ಜಾಗದಲ್ಲಿ ಸರಿಯಾಗಿ ತೊಳೆಯದೆ ಬಣ್ಣ ಹೊಡೆದರೆ ಬಣ್ಣ ನಿಲ್ಲೋದಿಲ್ಲ. ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತೆ."

ಬಳಿಕ ಮೇಸ್ತ್ರಿ ಟಾರ್ಚನ್ನು ಬಾನೆಟ್ಟಿನ ಮೇಲೆ ಹಿಡಿದರು. ದೀಪದ ಸುತ್ತ ಬಲೆ ಕಾಣಿಸಿತು. ದೀಪವನ್ನು ಸರಿಸಿದರೆ ಬಲೆಯೂ ಸರಿಯಿತು. ಮೇಷ್ಟರೊಳಗಿನ ಅಧ್ಯಾಪಕ ಆಗ ಎಚ್ಚೆತ್ತ. ಗೀರುಗಳು ವೃತ್ತಾಕಾರದವಲ್ಲ, ಅವು ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುವುದರಿಂದ ದೀಪದ ಸುತ್ತ ಬಲೆ ನೇಯ್ದಂತೆ ತೋರುತ್ತದೆ. ತಾವು ವರ್ಷವರ್ಷವೂ ಹೇಳಿದ ಪಾಠವೇ ಇದು! ಹೊಳಪೆಂಬುದು ಹಚ್ಚುವ ವಸ್ತುವಲ್ಲ. ಮೇಲ್ಮೈಯ ಸಮತೆ ಕೆಡದಿರುವುದೇ ಹೊಳಪು.

ಮೇಸ್ತ್ರಿ ಟಾರ್ಚನ್ನು ಮೇಲಕ್ಕೆತ್ತಿದರು. "ಈಗ ಟಾಪು ನೋಡಿ."

ಕಾರಿನ ಮೇಲ್ಛಾವಣಿಯಲ್ಲಿ ಗೀರುಗಳು ಬೆರಳೆಣಿಕೆಯಷ್ಟಿದ್ದವು.

"ಇದನ್ನು ತೊಳೆದವನು ಕೆಲಸ ಬಲ್ಲವನು. ಬಾನೆಟ್ಟು, ಬಾಗಿಲುಗಳನ್ನು ಒಣಬಟ್ಟೆಯಲ್ಲಿ ಒರೆಸಿದವರು ಬೇರೆ ಯಾರೋ ಇದ್ದಾರೆ."

ಮೇಷ್ಟರು ಉತ್ತರ ಕೊಡಲಿಲ್ಲ. ಹಳೆಯ ಪಂಚೆಯ ತುಂಡು ಮುಂದಿನ ಸೀಟಿನ ಕೆಳಗೆಯೇ ಇತ್ತು.

ಆ ರಾತ್ರಿ ಅವರು ಶೀಶೆಗಳನ್ನೆಲ್ಲ ಜಗುಲಿಯ ಮೇಲೆ ಸಾಲಾಗಿಟ್ಟು, ಕನ್ನಡಕ ಹಾಕಿಕೊಂಡು, ಅವುಗಳ ಮೇಲಿನ ಸಣ್ಣಕ್ಷರಗಳನ್ನು ಓದಿದರು. ಶೀಶೆಗಳು ಪೂರ್ತಿ ಸುಳ್ಳು ಹೇಳಿರಲಿಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಮೈಗೆ ಹಚ್ಚಿರಿ, ನೆರಳಿನಲ್ಲಿ ಹಚ್ಚಿರಿ, ತೆಳುವಾಗಿ ಹಚ್ಚಿರಿ, ಆರಿದ ಬಳಿಕವೇ ಕಾರನ್ನು ಚಲಿಸಿರಿ ಎಂದು ಅಲ್ಲಿ ಬರೆದೇ ಇತ್ತು. ಭರವಸೆ ದಪ್ಪಕ್ಷರದಲ್ಲಿತ್ತು, ಷರತ್ತು ಸಣ್ಣಕ್ಷರದಲ್ಲಿತ್ತು. ಮೇಣ ಒಳ್ಳೆಯದೇ, ಆದರೆ ಅದರ ಆಯುಷ್ಯ ಕೆಲವು ವಾರಗಳಿಂದ ಒಂದೆರಡು ತಿಂಗಳು. ಪೇಸ್ಟು ದೀಪದ ಮಂಕನ್ನು ಸವೆಸಬಲ್ಲದು. ಆದರೆ ಪಾಲಿಕಾರ್ಬೊನೇಟ್ ದೀಪವನ್ನು ಸೂರ್ಯನ ನೇರಳಾತೀತ ಕಿರಣಗಳಿಂದ ಕಾಯುವ ಹೊರಪದರ ಹೋದ ಮೇಲೆ ಅದನ್ನು ಮರಳಿ ಕೊಡಲಾರದು. ಕೊಂಡೂ ಬಿಚ್ಚದೆ ಉಳಿದಿದ್ದ ಒಂದು ಶೀಶೆಯ ಮೇಲೆ 'ಸಿರಾಮಿಕ್ ಕವಚ, ಕಾಠಿಣ್ಯ 9ಎಚ್' ಎಂದಿತ್ತು. 1812ರಲ್ಲಿ ಫ್ರೀಡ್ರಿಶ್ ಮೋಹ್ಸ್ ರೂಪಿಸಿದ ಖನಿಜಗಳ ಕಾಠಿಣ್ಯಮಾನದಲ್ಲಿ ವಜ್ರಕ್ಕೆ 10. ಹಾಗಾದರೆ ಇದು ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆ ಎಂದು ಮೇಷ್ಟರು ಭಾವಿಸಿ ಕೊಂಡಿದ್ದರು. ಈಗ ಓದಿದರೆ ಅದು ಪೆನ್ಸಿಲ್ಲಿನ ಮೊನೆಯಿಂದ ಗೀರಿ ನೋಡುವ ಪರೀಕ್ಷೆಯ ಅಂಕ! 9ಎಚ್ ಎಂಬುದು ಒಂದು ಗಟ್ಟಿ ಪೆನ್ಸಿಲ್ಲಿನ ಗುರುತು. ಬೀದಿಯ ಧೂಳಿನಲ್ಲಿರುವ ಮರಳಿನ ಕಣವಾದರೋ ಬಹುಮಟ್ಟಿಗೆ ಸ್ಫಟಿಕಶಿಲೆ. ಮೋಹ್ಸ್ ಮಾನದಲ್ಲಿ ಅದಕ್ಕೆ 7. ಅದು ಯಾವ ಪೆನ್ಸಿಲ್ಲಿಗೂ ಅಂಜುವುದಿಲ್ಲ.

ನಿಧಾನವಾಗಿ ಮಾಡಬೇಕಾದ ಕೆಲಸವೊಂದನ್ನು ಹಣ ಕೊಟ್ಟು ದಾಟಿಬಿಡಬಹುದೆಂಬ ಆಸೆಯೇ ಆ ಶೀಶೆಗಳ ಮುಖ್ಯ ಗಿರಾಕಿ. ಮೇಷ್ಟರಿಗೆ ಬೇಕಾಗಿದ್ದುದೂ ಅದೇ. ನೀರು, ಶುಭ್ರವಾದ ಬಟ್ಟೆ, ನೆರಳು ಮತ್ತು ತಾಳ್ಮೆ ಎಂಬ ನಾಲ್ಕು ಸಾಮಗ್ರಿಗಳನ್ನು ಪ್ರತಿದಿನ ಅವರ ಬಾಗಿಲಿಗೆ ತರುತ್ತಿದ್ದವನನ್ನು ಅವರೇ ಹೊರಗೆ ಕಳುಹಿಸಿದ್ದರು.

ಮರುದಿನ ಮೇಷ್ಟರು ಆ ಮೂರು ಮನೆಗಳಿಗೂ ಹೋಗಿ, "ತಪ್ಪು ಅವನದಲ್ಲ, ನನ್ನದು" ಎಂದು ಹೇಳಿದರು. ಯುವಕನ ಸುದ್ದಿ ಅಲ್ಲಿಯೇ ತಿಳಿಯಿತು. ನಾಲ್ಕು ಮನೆಗಳ ಆದಾಯವೂ ಒಮ್ಮೆಗೇ ನಿಂತುದರಿಂದ ಅವನು ಆ ವರ್ಷ ಪರೀಕ್ಷೆಗೆ ಹಣ ಕಟ್ಟಿರಲಿಲ್ಲ. ಹೆದ್ದಾರಿಯ ಬದಿಯ ಒಂದು ವಾಟರ್ ಸರ್ವಿಸ್ ಸ್ಟೇಷನ್ನಿನಲ್ಲಿ ದಿನಗೂಲಿಗೆ ಸೇರಿದ್ದ.

ಮೇಷ್ಟರು ಕಾರನ್ನು ಅಲ್ಲಿಗೆ ತೆಗೆದುಕೊಂಡು ಹೋದರು. ಯುವಕ ಅವರನ್ನು ಕಂಡು ಎದ್ದು ನಿಂತ. ಮಾಲೀಕನೂ ಇನ್ನಿಬ್ಬರು ಕೆಲಸಗಾರರೂ ಅಲ್ಲಿಯೇ ಇದ್ದರು. ಮೇಷ್ಟರು ಅವರೆಲ್ಲರ ಎದುರಿನಲ್ಲಿಯೇ, "ಗೀರು ಹಾಕಿದವನು ನಾನಪ್ಪಾ. ನಿನ್ನ ಮೇಲೆ ಹೊರಿಸಿದೆ. ಪರೀಕ್ಷೆಯ ಹಣವನ್ನು ನಾನು ಕಟ್ಟುತ್ತೇನೆ" ಎಂದರು.

ಯುವಕ ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದು, "ಹಣ ಕೂಡಿಟ್ಟಿದ್ದೀನಿ ಸಾರ್, ಈ ಸಲ ಕಟ್ಟುತ್ತೀನಿ" ಎಂದ. ಆಮೇಲೆ ಕಾರಿನತ್ತ ನೋಡಿ, "ಗಾಡಿ ಆ ನೆರಳಿಗೆ ಹಾಕಿ ಸಾರ್. ಬಿಸಿಲಲ್ಲಿ ನೀರು ಹುಯ್ದರೆ ಕಲೆ ನಿಲ್ಲುತ್ತೆ" ಎಂದು ಬಕೆಟ್ಟನ್ನು ಕೈಗೆತ್ತಿಕೊಂಡ.

ಮೇಷ್ಟರು ಕಾರನ್ನು ನೆರಳಿಗೆ ನಿಲ್ಲಿಸಿ, ಸೀಟಿನ ಕೆಳಗಿದ್ದ ಪಂಚೆಯ ತುಂಡನ್ನು ತೆಗೆದು ಕಸದ ಡಬ್ಬಿಗೆ ಹಾಕಿದರು. ಬಾನೆಟ್ಟನ್ನು ಸವೆಸಿ ಗೀರು ತೆಗೆಸುವ ಆಲೋಚನೆಯನ್ನು ಅವರು ಮತ್ತೆ ಮಾಡಲಿಲ್ಲ. ಸಂಜೆಯ ಓರೆಬಿಸಿಲು ಬಿದ್ದಾಗ ಆ ಗೀರುಗಳು ಈಗಲೂ ಕಾಣುತ್ತವೆ. ಆದರೆ ಅವು ಹೆಚ್ಚಿಲ್ಲ.